ಒಂದು ದಿನದ ಮುಷ್ಕರ, ದಶಕಗಳ ಅಪನಂಬಿಕೆ

ಬ್ಯಾಂಕು, ಕಲ್ಲಿದ್ದಲು ಗಣಿ, ಬಂದರು, ಸಾರಿಗೆ, ಕಾರ್ಖಾನೆ, ಅಂಗನವಾಡಿ ಹೀಗೆ ಎಲ್ಲ ವಲಯಗಳ ದುಡಿಯುವ ಜನ ಒಂದೇ ದಿನ ದೇಶದಾದ್ಯಂತ ಕೆಲಸ ನಿಲ್ಲಿಸುವುದನ್ನು ರಾಷ್ಟ್ರೀಯ ಸಾರ್ವತ್ರಿಕ ಮುಷ್ಕರ ಎನ್ನುತ್ತಾರೆ. ಒಂದು ಕಾರ್ಖಾನೆಯ ಮುಷ್ಕರ ಅಲ್ಲಿನ ಮಾಲೀಕರ ವಿರುದ್ಧವಾದರೆ, ಸಾರ್ವತ್ರಿಕ ಮುಷ್ಕರ ಸರ್ಕಾರದ ನೀತಿಯ ವಿರುದ್ಧ. ಸ್ವತಂತ್ರ ಭಾರತದ ಮೊದಲ ದೇಶವ್ಯಾಪಿ ಸಾರ್ವತ್ರಿಕ ಮುಷ್ಕರವೆಂದು ಕಾರ್ಮಿಕ ಚಳವಳಿ ನೆನೆಯುವುದು 1982ರ ಜನವರಿ 19ರ ಮುಷ್ಕರವನ್ನು. ಅಗತ್ಯ ಸೇವೆಗಳಲ್ಲಿ ಮುಷ್ಕರವನ್ನು ನಿಷೇಧಿಸಲು ಅವಕಾಶ ಕೊಡುವ ಎಸ್ಮಾ ಕಾಯ್ದೆ ಅದಕ್ಕೆ ಹಿಂದಿನ ವರ್ಷವಷ್ಟೇ ಬಂದಿತ್ತು. ಆರ್ಥಿಕ ಉದಾರೀಕರಣದ ವಿರುದ್ಧ 1991ರ ನವೆಂಬರ್ 29ರಂದು ನಡೆದ ಮುಷ್ಕರದಿಂದ ಈಚೆಗೆ ಇಂಥ ಇಪ್ಪತ್ತಕ್ಕೂ ಹೆಚ್ಚು ಮುಷ್ಕರಗಳು ನಡೆದಿವೆ.

2025ರ ಜುಲೈ 9ರಂದು ಹತ್ತು ಕೇಂದ್ರೀಯ ಕಾರ್ಮಿಕ ಸಂಘಟನೆಗಳು 17 ಬೇಡಿಕೆಗಳನ್ನು ಮುಂದಿಟ್ಟು ಕರೆ ಕೊಟ್ಟ ಮುಷ್ಕರದಲ್ಲಿ 25 ಕೋಟಿ ಜನ ಪಾಲ್ಗೊಳ್ಳುತ್ತಾರೆ ಎಂದು ಸಂಘಟಕರು ಹೇಳಿದ್ದರು. ಕೇರಳದಲ್ಲಿ ಜನಜೀವನ ಹೆಚ್ಚುಕಡಿಮೆ ಸ್ತಬ್ಧವಾಯಿತು. ಪಶ್ಚಿಮ ಬಂಗಾಳದಲ್ಲಿ ಕಲ್ಲೇಟಿಗೆ ಹೆದರಿ ಸರ್ಕಾರಿ ಬಸ್ಸಿನ ಚಾಲಕರು ಹೆಲ್ಮೆಟ್ ಹಾಕಿಕೊಂಡು ಬಸ್ಸು ಓಡಿಸಿದರು. ಬೆಂಗಳೂರಿನಲ್ಲಿ ಬಸ್ಸು, ಮೆಟ್ರೊ ಎಂದಿನಂತೆ ಓಡಾಡಿದವು. ಬಹಳಷ್ಟು ಜನರಿಗೆ ಮುಷ್ಕರದ ಸುದ್ದಿ ತಿಳಿದದ್ದು ಟಿ.ವಿ.ಯಿಂದ. ಮುಷ್ಕರದ ಬೇಡಿಕೆಗಳು ಅವರ ಬದುಕಿಗೇ ಸೇರಿದ್ದವು: ಕನಿಷ್ಠ ವೇತನ, ಪಿಂಚಣಿ, ಗುತ್ತಿಗೆ ಪದ್ಧತಿಗೆ ಕಡಿವಾಣ. ಆದರೂ ಕರೆ ಕೊಟ್ಟವರ ಮೇಲೆ ಜನರಿಗೆ ಭರವಸೆ ಇರಲಿಲ್ಲ. ಈ ಅಪನಂಬಿಕೆ ಒಂದೆರಡು ವರ್ಷದ್ದಲ್ಲ.

ಒಡೆಯುತ್ತ ಬೆಳೆದ ಸಂಘಟನೆಗಳು

1918ರ ಏಪ್ರಿಲ್‌ನಲ್ಲಿ ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರನ್ನು ಸೇರಿಸಿ ಬಿ.ಪಿ. ವಾಡಿಯಾ ಮತ್ತು ಸಂಗಡಿಗರು ಕಟ್ಟಿದ ಮದ್ರಾಸ್ ಲೇಬರ್ ಯೂನಿಯನ್, ಭಾರತದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘಗಳಲ್ಲಿ ಒಂದು. ಕೆಲಸದ ಕರಾರು ಮುರಿಯಲು ಕಾರ್ಮಿಕರನ್ನು ಪ್ರೇರೇಪಿಸಿದರೆಂದು ಗಿರಣಿಯವರು ನಾಯಕರ ಮೇಲೆ ದಾವೆ ಹೂಡಿ, ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಕಾರ್ಮಿಕರ ಪರ ನಿಂತವರಿಗೆ ಇಂಥ ದಾವೆಗಳಿಂದ ರಕ್ಷಣೆ ಬೇಕೆಂದು ಕಾರ್ಮಿಕ ನಾಯಕ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಒತ್ತಾಯಿಸಿದರು. ಅದರ ಫಲವಾಗಿ 1926ರ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದೆಂಬ ಸುಲಭದ ನಿಯಮ ಅದರಲ್ಲಿತ್ತು.

ರಾಷ್ಟ್ರಮಟ್ಟದ ಮೊದಲ ಸಂಘಟನೆ ಎಐಟಿಯುಸಿ 1920ರಲ್ಲಿ ಮುಂಬೈಯಲ್ಲಿ ಹುಟ್ಟಿತು. ಲಾಲಾ ಲಜಪತರಾಯ್ ಅದರ ಮೊದಲ ಅಧ್ಯಕ್ಷರು. ಆಮೇಲಿನ ಕಥೆ ಬಹುಪಾಲು ಒಡಕಿನದು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1947ರ ಮೇ ತಿಂಗಳಲ್ಲಿ, ಕಾಂಗ್ರೆಸ್ಸಿನವರು ಐಎನ್‌ಟಿಯುಸಿ ಕಟ್ಟಿದರು. 1948ರಲ್ಲಿ ಸಮಾಜವಾದಿಗಳ ಎಚ್‌ಎಂಎಸ್ ಬಂತು. 1955ರಲ್ಲಿ ಆರ್‌ಎಸ್‌ಎಸ್‌ನ ದತ್ತೋಪಂತ ಠೇಂಗಡಿ ಅವರು ಭಾರತೀಯ ಮಜ್ದೂರ್ ಸಂಘ (ಬಿಎಂಎಸ್) ಸ್ಥಾಪಿಸಿದರು. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಇಬ್ಭಾಗವಾಯಿತು. ಅದರ ಬೆನ್ನಿಗೆ 1970ರಲ್ಲಿ ಸಿಐಟಿಯು ಹುಟ್ಟಿತು. ಪಕ್ಷ ಒಡೆದಾಗಲೆಲ್ಲ ಯೂನಿಯನ್ ಒಡೆಯುವುದು ವಾಡಿಕೆಯಾಯಿತು.

ಇದರ ಪರಿಣಾಮ ಕಾರ್ಖಾನೆಯ ಗೇಟಿನಲ್ಲೇ ಕಾಣತೊಡಗಿತು. ಒಂದೇ ಕಾರ್ಖಾನೆಯಲ್ಲಿ ಮೂರು ನಾಲ್ಕು ಯೂನಿಯನ್‌ಗಳು, ಮೂರು ನಾಲ್ಕು ಬಾವುಟಗಳು, ಬೇರೆ ಬೇರೆ ಗೇಟ್ ಮೀಟಿಂಗ್‌ಗಳು. ಒಂದು ಸಂಘ ಮುಷ್ಕರಕ್ಕೆ ಕರೆ ಕೊಟ್ಟರೆ ಇನ್ನೊಂದು ಹಿಂದೆ ಸರಿಯುತ್ತಿತ್ತು. ಹೊರಗಿನ ರಾಜಕಾರಣಿಗಳು ಯೂನಿಯನ್ ಪದಾಧಿಕಾರಿಗಳಾಗಲು ಕಾಯ್ದೆಯಲ್ಲೇ ಅವಕಾಶವಿತ್ತು. ಹಾಗಾಗಿ ನಾಯಕ ಯಂತ್ರದ ಮುಂದೆ ದುಡಿಯುವವನಾಗಿರಲೇಬೇಕು ಎಂದೇನೂ ಇರಲಿಲ್ಲ. ಹೊರಗಿನವರ ಪ್ರಮಾಣಕ್ಕೆ ಬಿಗಿಯಾದ ಮಿತಿ ಬಂದದ್ದು 2001ರ ತಿದ್ದುಪಡಿಯಲ್ಲಿ. ಪ್ರಾರಂಭದ ದಿನಗಳಲ್ಲಿ ಹೊರಗಿನ ನಾಯಕರು ಬೇಕೇ ಬೇಕಿತ್ತು: ಓದುಬರಹ ಬಾರದ, ಕೆಲಸ ಹೋದರೆ ಊಟಕ್ಕಿಲ್ಲದ ಕಾರ್ಮಿಕನ ಪರವಾಗಿ ಮಾಲೀಕನ ಎದುರು ಮಾತಾಡಲು ಅವರಿಗಷ್ಟೇ ಧೈರ್ಯವಿತ್ತು. ಆದರೆ ದಶಕಗಳು ಕಳೆದರೂ ಕುರ್ಚಿಗಳು ಅವರ ಕೈಯಲ್ಲೇ ಉಳಿದದ್ದು ಸಂಘಟನೆಗೂ ಸದಸ್ಯರಿಗೂ ನಡುವೆ ದೂರ ಬೆಳೆಸಿತು.

ಮೂರು ದೊಡ್ಡ ಸೋಲುಗಳು

ಭಾರತದ ಕಾರ್ಮಿಕ ಚಳವಳಿಯ ಆತ್ಮವಿಶ್ವಾಸ ಕುಗ್ಗಿದ್ದು ಎಂಟು ವರ್ಷಗಳ ಅಂತರದಲ್ಲಿ ನಡೆದ ಮೂರು ಮುಷ್ಕರಗಳಲ್ಲಿ.

ಮೊದಲನೆಯದು 1974ರ ಮೇ 8ರಂದು ಶುರುವಾದ ರೈಲ್ವೆ ಮುಷ್ಕರ. ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅದರ ನಾಯಕರು. ಬೋನಸ್, ವೇತನ ಪರಿಷ್ಕರಣೆ, ಎಂಜಿನ್ ಸಿಬ್ಬಂದಿಗೆ ಎಂಟು ಗಂಟೆಯ ದುಡಿಮೆ ಮುಖ್ಯ ಬೇಡಿಕೆಗಳಾಗಿದ್ದವು. ಸುಮಾರು 17 ಲಕ್ಷ ನೌಕರರು ಪಾಲ್ಗೊಂಡರು ಎಂಬ ಅಂದಾಜಿದೆ. ಮುಷ್ಕರ ಶುರುವಾಗುವ ಮೊದಲೇ ಫರ್ನಾಂಡಿಸ್ ಬಂಧನಕ್ಕೊಳಗಾದರು. ಸಾವಿರಾರು ನೌಕರರು ಜೈಲು ಸೇರಿದರು. ರೈಲ್ವೆ ಕ್ವಾರ್ಟರ್ಸ್‌ನಿಂದ ಕುಟುಂಬಗಳನ್ನು ಹೊರಹಾಕಲಾಯಿತು. ಇಪ್ಪತ್ತು ದಿನಗಳಲ್ಲಿ, ಏನನ್ನೂ ಪಡೆಯದೆ, ಮುಷ್ಕರ ಮುಗಿಯಿತು. ರೈಲ್ವೆ ನೌಕರರಿಗೆ ಬೋನಸ್ ಸಿಕ್ಕಿದ್ದು 1979ರಲ್ಲಿ.

ಎರಡನೆಯದು ಬೆಂಗಳೂರಿನದು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು 1980ರ ಡಿಸೆಂಬರ್ 26ರಿಂದ 77 ದಿನ ಮುಷ್ಕರ ಹೂಡಿದರು. ಸರ್ಕಾರಿ ಸ್ವಾಮ್ಯದ್ದೇ ಆದ ಬಿಎಚ್‌ಇಎಲ್ ನೌಕರರಿಗೆ ಸಿಗುವಷ್ಟು ಸಂಬಳ ತಮಗೂ ಬೇಕೆಂಬುದು ಅವರ ಬೇಡಿಕೆ. ಬೇರೆ ಊರಿನ ಘಟಕಗಳೂ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನ ಎರಡೂವರೆ ತಿಂಗಳು ಸಂಬಳವಿಲ್ಲದೆ ಕಳೆದರು. ಮಾರ್ಚ್‌ನಲ್ಲಿ ಕೆಲಸಕ್ಕೆ ಮರಳಿದಾಗ ಮೂಲ ಬೇಡಿಕೆ ಈಡೇರಿರಲಿಲ್ಲ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಯೂನಿಯನ್‌ಗಳು ಅಷ್ಟು ದೊಡ್ಡ ಹೋರಾಟವನ್ನು ಮತ್ತೆ ಕಟ್ಟಲಿಲ್ಲ.

ಮೂರನೆಯದು ಮುಂಬೈ ಬಟ್ಟೆ ಗಿರಣಿಗಳ ಮುಷ್ಕರ. ಅದು ಆರಂಭವಾದದ್ದು 1982ರ ಜನವರಿ 18ರಂದು, ಮೊದಲ ದೇಶವ್ಯಾಪಿ ಮುಷ್ಕರದ ಹಿಂದಿನ ದಿನ. 1946ರ ಮುಂಬೈ ಕೈಗಾರಿಕಾ ಸಂಬಂಧಗಳ ಕಾಯ್ದೆಯ ಪ್ರಕಾರ ಗಿರಣಿ ಕಾರ್ಮಿಕರ ಪರವಾಗಿ ಮಾತುಕತೆ ನಡೆಸುವ ಹಕ್ಕು ಒಂದೇ ಸಂಘಕ್ಕಿತ್ತು. ಅದು ಐಎನ್‌ಟಿಯುಸಿಗೆ ಸೇರಿದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ. ಅದು ಮಾಲೀಕರ ಜೊತೆ ಮಾಡಿಕೊಂಡ ಒಪ್ಪಂದಗಳಿಂದ ಕಾರ್ಮಿಕರು ರೋಸಿಹೋಗಿದ್ದರು. ಅವರು ಅದನ್ನು ಬಿಟ್ಟು ಕಾರ್ಮಿಕ ನಾಯಕ ಡಾ. ದತ್ತಾ ಸಾಮಂತರ ಬಳಿಗೆ ಹೋದರು. ಸುಮಾರು ಎರಡೂವರೆ ಲಕ್ಷ ಜನ ಹೊರಬಂದರು. ಕಾರ್ಮಿಕರ ಮನಸ್ಸಿನಲ್ಲಿ ಸಾಮಂತರಿದ್ದರೂ ಕಾನೂನಿನ ಕಣ್ಣಲ್ಲಿ ಹಳೆಯ ಸಂಘವೇ ಪ್ರತಿನಿಧಿ. ಸಾಮಂತರ ಜೊತೆ ಮಾತಾಡಲು ಮಾಲೀಕರೂ ಸರ್ಕಾರವೂ ಒಪ್ಪಲಿಲ್ಲ. ಒಂದೂವರೆ ವರ್ಷದ ನಂತರ ಮುಷ್ಕರ ತಾನಾಗಿ ಕರಗಿತು. ಅದು ಮುಗಿಯಿತೆಂದು ಯಾರೂ ವಿಧ್ಯುಕ್ತವಾಗಿ ಘೋಷಿಸಲೇ ಇಲ್ಲ. ಹತ್ತಾರು ಸಾವಿರ ಕಾರ್ಮಿಕರಿಗೆ ಕೆಲಸ ಮರಳಿ ಸಿಗಲಿಲ್ಲ. ಗಿರಣಿಗಳು ಮುಚ್ಚಿದವು, ಲೋವರ್ ಪರೇಲ್‌ನ ಗಿರಣಿ ಜಾಗಗಳಲ್ಲಿ ಮಾಲ್‌ಗಳು, ಕಚೇರಿ ಕಟ್ಟಡಗಳು ಎದ್ದವು. ಕಾರ್ಮಿಕರು ಒಪ್ಪದ ಸಂಘಕ್ಕೆ ಕಾನೂನು ಮಾನ್ಯತೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ದೇಶದಲ್ಲಿ ಬೇರೆ ಇಲ್ಲ.

ವರ್ಷಕ್ಕೊಂದು ದಿನ

1991ರ ನಂತರ ದೀರ್ಘ ಮುಷ್ಕರಗಳು ಅಪರೂಪವಾದವು. ಅವುಗಳ ಜಾಗಕ್ಕೆ ಒಂದು ದಿನದ ದೇಶವ್ಯಾಪಿ ಮುಷ್ಕರ ಬಂತು. 2012ರ ಫೆಬ್ರುವರಿ 28ರಂದು, ಎಡಪಂಥೀಯ ಸಂಘಟನೆಗಳ ಜೊತೆ ಐಎನ್‌ಟಿಯುಸಿ ಮತ್ತು ಬಿಎಂಎಸ್ ಕೂಡ ಕೈಜೋಡಿಸಿದವು. ಮರುವರ್ಷ ಫೆಬ್ರುವರಿಯಲ್ಲಿ ಎರಡು ದಿನಗಳ ಮುಷ್ಕರ ನಡೆಯಿತು. ಈ ಒಗ್ಗಟ್ಟು ಹೆಚ್ಚು ಕಾಲ ಉಳಿಯಲಿಲ್ಲ. ಕೇಂದ್ರದಲ್ಲಿ ಸರ್ಕಾರ ಬದಲಾದ ಮೇಲೆ, 2015ರ ಸೆಪ್ಟೆಂಬರ್ 2ರ ಮುಷ್ಕರದಿಂದ ಬಿಎಂಎಸ್ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು. ತಮ್ಮ ಪಕ್ಷ ಅಧಿಕಾರದಲ್ಲಿದ್ದಾಗ ಒಂದು ನಿಲುವು, ಇಲ್ಲದಾಗ ಇನ್ನೊಂದು ಎಂಬ ಆರೋಪವನ್ನು ಒಂದಲ್ಲ ಒಂದು ಕಾಲದಲ್ಲಿ ದೊಡ್ಡ ಸಂಘಟನೆಗಳೆಲ್ಲ ಎದುರಿಸಿವೆ.

ಪ್ರತಿ ಮುಷ್ಕರದ ನಂತರ ಎರಡು ಅಂಕಿಗಳು ಹೊರಬರುತ್ತವೆ. ಸಂಘಟಕರು ಪಾಲ್ಗೊಂಡವರ ಸಂಖ್ಯೆಯನ್ನು ಕೋಟಿಗಳಲ್ಲಿ ಹೇಳುತ್ತಾರೆ, ಉದ್ಯಮಿಗಳ ಸಂಸ್ಥೆಗಳು ನಷ್ಟವನ್ನು ಸಾವಿರ ಕೋಟಿಗಳಲ್ಲಿ ಹೇಳುತ್ತವೆ. 2016ರ ಸೆಪ್ಟೆಂಬರ್ ಮುಷ್ಕರದಲ್ಲಿ 15 ಕೋಟಿಗೂ ಹೆಚ್ಚು ಜನ ಸೇರಿದರೆಂದು ಯೂನಿಯನ್‌ಗಳು ಹೇಳಿದರೆ, ನಷ್ಟ 16 ಸಾವಿರ ಕೋಟಿ ರೂಪಾಯಿಯಿಂದ 18 ಸಾವಿರ ಕೋಟಿ ಎಂದು ಅಸೋಚಾಮ್ ಅಂದಾಜು ಮಾಡಿತು. ಎರಡನ್ನೂ ಎಣಿಸಿ ನೋಡಿದವರಿಲ್ಲ. ಕೇಂದ್ರೀಯ ಸಂಘಟನೆಗಳ ಸದಸ್ಯತ್ವದ ಅಧಿಕೃತ ಪರಿಶೀಲನೆ ಕೊನೆಯದಾಗಿ ಪೂರ್ಣಗೊಂಡು ಪ್ರಕಟವಾದದ್ದು 2002ರ ಅಂತ್ಯದ ಲೆಕ್ಕಕ್ಕೆ. ಆಗ ಎಲ್ಲ ಸಂಘಟನೆಗಳೂ ಸೇರಿ ಸುಮಾರು ಎರಡೂವರೆ ಕೋಟಿ ಸದಸ್ಯರಿದ್ದರು. ದೇಶದ ದುಡಿಯುವವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಅಸಂಘಟಿತರು. ಅವರಿಗೆ ನೇಮಕಪತ್ರವಿಲ್ಲ, ಪಿಎಫ್ ಇಲ್ಲ, ಚಂದಾ ಕೇಳಲು ಬರುವ ಯೂನಿಯನ್ ಲೀಡರೂ ಇಲ್ಲ.

ಒಂದು ದಿನದ ಮುಷ್ಕರ ಸರ್ಕಾರವನ್ನು ಬಗ್ಗಿಸುವಷ್ಟು ಬಲವಾದದ್ದೂ ಅಲ್ಲ. ದಿನಾಂಕ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಕಾರ್ಖಾನೆಗಳು ಆ ದಿನದ ಕೆಲಸವನ್ನು ಭಾನುವಾರ ಮಾಡಿಸಿಕೊಳ್ಳುತ್ತವೆ. ಬ್ಯಾಂಕ್ ಮುಚ್ಚಿದರೂ ಮೊಬೈಲಿನಲ್ಲಿ ಹಣ ಹೋಗುತ್ತದೆ. ಆದರೂ ಈ ಮುಷ್ಕರಗಳಿಂದ ಏನೂ ಆಗಿಲ್ಲ ಎನ್ನುವುದು ಅನ್ಯಾಯ. ಮಾಲೀಕರಿಗೆ ಅನುಕೂಲವಾಗುವಂತೆ ಕಾರ್ಮಿಕ ಕಾಯ್ದೆ ತಿದ್ದುವ ಪ್ರಸ್ತಾವಗಳು ಹಲವು ಸರ್ಕಾರಗಳ ಕಾಲದಲ್ಲಿ ಮುಂದೆ ಹೋಗದೆ ನಿಂತದ್ದರ ಹಿಂದೆ ಈ ಒತ್ತಡವೂ ಇತ್ತು.

ಹಕ್ಕು ಎಷ್ಟು, ಮಿತಿ ಎಷ್ಟು

ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಮೂಲಭೂತ ಹಕ್ಕು. ಆದರೆ ಅದರಲ್ಲಿ ಮುಷ್ಕರದ ಹಕ್ಕು ಸೇರಿಲ್ಲವೆಂದು ಬ್ಯಾಂಕ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದ ಆರಂಭದಲ್ಲೇ ಹೇಳಿತು. ಮುಷ್ಕರ ಕಾನೂನು ಕೊಟ್ಟಿರುವ ಹಕ್ಕು. ಕಾನೂನೇ ಅದಕ್ಕೆ ಷರತ್ತು ಹಾಕಬಹುದು. ಒತ್ತಾಯದಿಂದ ಎಲ್ಲವನ್ನೂ ಮುಚ್ಚಿಸುವ ಬಂದ್ ಸಂವಿಧಾನಬಾಹಿರ ಎಂದು ಕೇರಳ ಹೈಕೋರ್ಟ್ 1997ರಲ್ಲಿ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟ್ ಅದೇ ವರ್ಷ ಅದನ್ನು ಎತ್ತಿಹಿಡಿಯಿತು. ಮುಷ್ಕರ ಮಾಡುವವನು ತನ್ನ ಕೆಲಸ ನಿಲ್ಲಿಸುತ್ತಾನೆ. ಬಂದ್ ಮಾಡಿಸುವವನು ಬೇರೆಯವರ ಅಂಗಡಿ ಮುಚ್ಚಿಸುತ್ತಾನೆ. ನ್ಯಾಯಾಲಯ ಗುರುತಿಸಿದ ಈ ವ್ಯತ್ಯಾಸವನ್ನು ಬೀದಿಯಲ್ಲಿ ಸಂಘಟನೆಗಳೇ ಎಷ್ಟೋ ಸಲ ಮರೆತವು.

2003ರ ಜುಲೈನಲ್ಲಿ ತಮಿಳುನಾಡಿನಲ್ಲಿ ನಡೆದದ್ದು ಸಾರ್ವಜನಿಕರ ಮನೋಭಾವವನ್ನೂ ಬಯಲಿಗೆ ತಂದಿತು. ಪಿಂಚಣಿ ಮತ್ತಿತರ ಸೌಲಭ್ಯಗಳ ಕಡಿತದ ವಿರುದ್ಧ ಮುಷ್ಕರ ಹೂಡಿದ ಸುಮಾರು 1.7 ಲಕ್ಷ ಸರ್ಕಾರಿ ನೌಕರರು ಮತ್ತು ಶಿಕ್ಷಕರನ್ನು ಜಯಲಲಿತಾ ಸರ್ಕಾರ ಒಟ್ಟಿಗೇ ವಜಾ ಮಾಡಿತು. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಕಾನೂನಾತ್ಮಕ ಹಕ್ಕಾಗಲಿ ನೈತಿಕ ಹಕ್ಕಾಗಲಿ ಇಲ್ಲವೆಂದು ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಬಹುತೇಕರು ಕೆಲಸಕ್ಕೆ ಮರಳಿದರು. ಅಷ್ಟು ಜನರ ಕೆಲಸ ಹೋದರೂ ಹೊರಗಿನ ಜನ ಅವರ ಪರವಾಗಿ ದೊಡ್ಡದಾಗಿ ಬೀದಿಗಿಳಿಯಲಿಲ್ಲ. ಲಂಚ, ಅಲೆದಾಟಗಳಿಂದ ಬೇಸತ್ತವರಿಗೆ ಮುಷ್ಕರನಿರತ ನೌಕರ ತಮ್ಮ ಹಾಗೆ ದುಡಿಯುವವನು ಎಂದು ಅನ್ನಿಸಲೇ ಇಲ್ಲ.

ಬೇಸರದ ಎರಡು ಮುಖಗಳು

ಯೂನಿಯನ್‌ಗಳ ಮೇಲಿನ ಬೇಸರದಲ್ಲಿ ಎರಡು ಬಗೆ. ಒಂದು, ಹೊರಗಿನ ಜನರದು. ದಿನಗೂಲಿಯವನಿಗೆ ಬಂದ್ ಎಂದರೆ ಅಂದಿನ ಕೂಲಿ ಹೋಯಿತೆಂದೇ ಅರ್ಥ. ತರಕಾರಿ ಮಾರುವವಳ ಸೊಪ್ಪು ಬಾಡುತ್ತದೆ, ರೋಗಿಗೆ ಆಸ್ಪತ್ರೆಗೆ ಹೋಗಲು ಬಸ್ಸಿಲ್ಲ. ಕಾಯಂ ಕೆಲಸ, ಪಿಂಚಣಿ ಇರುವವರು ಇನ್ನಷ್ಟು ಕೇಳಲು ತಮ್ಮ ಒಂದು ದಿನದ ಅನ್ನ ಕಸಿಯುತ್ತಾರೆಂದು ಅವರಿಗೆ ಅನ್ನಿಸಿದರೆ ತಪ್ಪು ಹೇಳಲಾಗದು.

ಇನ್ನೊಂದು, ಕಾರ್ಮಿಕರದೇ ಬೇಸರ. ಇದು ಹೆಚ್ಚು ಆಳವಾದದ್ದು. ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಕೇರಳದ ಮುನ್ನಾರ್. 2015ರ ಸೆಪ್ಟೆಂಬರ್ 2ರಂದು ದೇಶವ್ಯಾಪಿ ಮುಷ್ಕರ ನಡೆಯಿತು. ಮೂರೇ ದಿನಗಳ ನಂತರ ಕಣ್ಣನ್ ದೇವನ್ ಚಹಾ ತೋಟಗಳ ಮಹಿಳೆಯರು ಬೇರೊಂದು ಮುಷ್ಕರ ಆರಂಭಿಸಿದರು. ಅವರಲ್ಲಿ ಬಹುಪಾಲು ಮಂದಿ ತಮಿಳು ಮಾತಾಡುವ ದಲಿತ ಹೆಣ್ಣುಮಕ್ಕಳು. ದಿನಕ್ಕೆ 21 ಕಿಲೊ ಎಲೆ ಕೀಳುವುದು ಅವರ ಕಡ್ಡಾಯ ಪಾಲು, ಕೂಲಿ 232 ರೂಪಾಯಿ. ಬೋನಸ್ ಶೇ 20ರಿಂದ ಶೇ 10ಕ್ಕೆ ಇಳಿದಿತ್ತು. ಆ ತೋಟಗಳಲ್ಲಿ ಸಿಐಟಿಯು, ಎಐಟಿಯುಸಿ, ಐಎನ್‌ಟಿಯುಸಿ ಮೂರೂ ಇದ್ದವು. ನಾಯಕರು ಕಂಪನಿಯಿಂದ ಅನುಕೂಲ ಮಾಡಿಕೊಂಡು ತಮ್ಮನ್ನು ಮರೆತರೆಂದು ಮಹಿಳೆಯರು ಬಹಿರಂಗವಾಗಿ ದೂರಿದರು. ಸಾವಿರಾರು ಮಂದಿ ಪೇಟೆಯ ರಸ್ತೆಯಲ್ಲಿ ಕುಳಿತರು. ಸಮಾಧಾನ ಹೇಳಲು ಬಂದ ಯೂನಿಯನ್ ಮುಖಂಡರನ್ನು ಅಟ್ಟಿ ಕಳಿಸಿದರು. ಹಿರಿಯ ಕಮ್ಯುನಿಸ್ಟ್ ನಾಯಕ ವಿ.ಎಸ್. ಅಚ್ಯುತಾನಂದನ್ ಅವರಂಥ ಒಬ್ಬಿಬ್ಬರಿಗಷ್ಟೇ ಜೊತೆಗೆ ಕೂರಲು ಅವಕಾಶ ಸಿಕ್ಕಿತು. ಒಂಬತ್ತು ದಿನಗಳಲ್ಲಿ ಬೋನಸ್ ಮತ್ತು ಹೆಚ್ಚುವರಿ ಮೊತ್ತ ಸೇರಿ ಶೇ 20 ಕೈಸೇರಿತು. ಈ ಕೂಟ ‘ಪೆಂಬಿಳೈ ಒರುಮೈ’ ಎಂದು ಹೆಸರಾಯಿತು.

ಬೆಂಗಳೂರು ಇಂಥದ್ದನ್ನೇ ಕಂಡದ್ದು 2016ರ ಏಪ್ರಿಲ್ 18 ಮತ್ತು 19ರಂದು. ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ಹಣ ಪಡೆಯುತ್ತಾರೆ. ಮಕ್ಕಳ ಫೀಸು, ಮನೆಯ ಅಡ್ವಾನ್ಸು, ಸಾಲದ ಬಡ್ಡಿ, ಮದುವೆ ಎಲ್ಲಕ್ಕೂ ಅದೇ ದುಡ್ಡು. ಐವತ್ತೆಂಟರವರೆಗೆ ಹೊಲಿಗೆ ಯಂತ್ರದ ಮುಂದೆ ಕೂರಲು ಮೈಯಲ್ಲಿ ಕಸುವು ಉಳಿಯುವುದಿಲ್ಲ. ಯಾವ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಸುದ್ದಿ ಹಬ್ಬಿ ಹೊಸೂರು ರಸ್ತೆ, ಮೈಸೂರು ರಸ್ತೆ, ಜಾಲಹಳ್ಳಿ ಕ್ರಾಸ್‌ಗಳಲ್ಲಿ ಸಾವಿರಾರು ಮಹಿಳೆಯರು ರಸ್ತೆಗಿಳಿದರು. ಎರಡನೇ ದಿನ ಕಲ್ಲುತೂರಾಟ, ಬಸ್ಸುಗಳಿಗೆ ಬೆಂಕಿ, ಲಾಠಿ ಪ್ರಹಾರ, ಅಶ್ರುವಾಯು ಎಲ್ಲವೂ ನಡೆದವು. ಅಂದು ಸಂಜೆಯೊಳಗೆ ಕೇಂದ್ರ ಸರ್ಕಾರ ಅಧಿಸೂಚನೆ ಹಿಂಪಡೆಯಿತು. ದೊಡ್ಡ ಸಂಘಟನೆಗಳ ಮನವಿಪತ್ರಗಳಿಗೆ ಜಗ್ಗದ ಸರ್ಕಾರ, ಸಂಘಟನೆಯೇ ಇಲ್ಲದ ಹೆಣ್ಣುಮಕ್ಕಳ ಎದುರು ಎರಡು ದಿನದಲ್ಲಿ ಮಣಿಯಿತು.

2021ರ ಏಪ್ರಿಲ್‌ನಲ್ಲಿ ಕರ್ನಾಟಕದ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಸುಮಾರು ಎರಡು ವಾರ ಬಸ್ಸು ನಿಲ್ಲಿಸಿದಾಗ ಮುಂದಾಳಾದವರು ರೈತ ನಾಯಕ ಕೋಡಿಹಳ್ಳಿ ಚಂದ್ರಶೇಖರ್. ದಶಕಗಳಿಂದ ಇದ್ದ ಸಾರಿಗೆ ಯೂನಿಯನ್‌ಗಳನ್ನು ಬದಿಗಿಟ್ಟು ನೌಕರರು ಹೊರಗಿನವರೊಬ್ಬರನ್ನು ಆರಿಸಿಕೊಂಡದ್ದೇ ಹಳೆಯ ಸಂಘಟನೆಗಳ ಮೇಲೆ ಅವರು ಕೊಟ್ಟ ತೀರ್ಪಾಗಿತ್ತು. ಸರ್ಕಾರ ನಿಲ್ದಾಣಗಳಲ್ಲಿ ಖಾಸಗಿ ಬಸ್ಸುಗಳಿಗೆ ಅವಕಾಶ ಕೊಟ್ಟಿತು, ನೌಕರರನ್ನು ವಜಾ ಮಾಡಿತು, ವರ್ಗಾಯಿಸಿತು. ಕೋವಿಡ್ ಎರಡನೇ ಅಲೆಯ ನಡುವೆ ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಮುಷ್ಕರ ನಿಂತಿತು. ಕೇಳಿದ ವೇತನ ಸಿಗಲಿಲ್ಲ.

ಸಂಘವೇ ಇಲ್ಲದಿದ್ದರೆ

ಯೂನಿಯನ್‌ಗಳು ಸೋತದ್ದರಿಂದ ಅವು ಬೇಡವೇ ಬೇಡ ಎನ್ನುವವರಿದ್ದಾರೆ. ಆ ವಾದಕ್ಕೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಉತ್ತರ ಸಿಕ್ಕಿತು. 2020ರ ಡಿಸೆಂಬರ್ 12ರ ಬೆಳಗ್ಗೆ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ಪಾಳಿ ಮುಗಿಸಿ ಹೊರಬರುವಾಗ ದಾಂದಲೆ ಎದ್ದಿತು. ಅವರಲ್ಲಿ ಬಹುಪಾಲು ಗುತ್ತಿಗೆಯವರು. ಸಂಬಳ ಸರಿಯಾಗಿ ಬರುತ್ತಿಲ್ಲ, ಓವರ್‌ಟೈಮ್ ಲೆಕ್ಕ ಸಿಗುತ್ತಿಲ್ಲ ಎಂಬುದು ಅವರ ದೂರು. ಕೆಲವರಿಗೆ ಸಂಬಳ ಸರಿಯಾಗಿ ಪಾವತಿಯಾಗಿರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ದೂರನ್ನು ಬರೆದುಕೊಂಡು ಆಡಳಿತದ ಮುಂದಿಡುವ, ಆಗದಿದ್ದರೆ ಲೇಬರ್ ಆಫೀಸಿಗೆ ಒಯ್ಯುವ ಸಂಘ ಅಲ್ಲಿ ಇರಲಿಲ್ಲ. ತಿಂಗಳುಗಟ್ಟಲೆ ಒಳಗೇ ಕುದ್ದ ಸಿಟ್ಟು ಒಂದು ಬೆಳಗ್ಗೆ ಗಾಜು ಒಡೆಯುವುದರಲ್ಲಿ ಹೊರಬಿತ್ತು. ನೂರಾರು ಯುವಕರ ಮೇಲೆ ಪೊಲೀಸ್ ಕೇಸು ಬಿತ್ತು.

ಮುನ್ನಾರಿನ ಮುಂದಿನ ಕಥೆಯೂ ಇದನ್ನೇ ಹೇಳುತ್ತದೆ. ಬೋನಸ್ ಗೆದ್ದ ಮಹಿಳೆಯರು 500 ರೂಪಾಯಿ ಕೂಲಿ ಕೇಳಿದ್ದರು. ಮಾತುಕತೆಯ ಮೇಜಿನಲ್ಲಿ ಕೂರುವ ಮಾನ್ಯತೆ ಇದ್ದದ್ದು ಹಳೆಯ ಯೂನಿಯನ್‌ಗಳಿಗೇ; ಕೂಲಿ 301 ರೂಪಾಯಿಗೆ ನಿಂತಿತು. ಹೊಸ ಕೂಟ ಒಳಜಗಳಗಳಿಂದ ಸೊರಗಿತು. ಸಿಡಿದೇಳುವುದರಿಂದ ಒಂದು ಬೇಡಿಕೆ ಗೆಲ್ಲಬಹುದು. ಗೆದ್ದದ್ದನ್ನು ವರ್ಷ ವರ್ಷ ಕಾಯಲು ಸಂಘಟನೆಯೇ ಬೇಕು.

ಮುಂದಿನ ದಾರಿ

ಈಗ ಮುಷ್ಕರ ಇನ್ನೂ ಕಷ್ಟ. ಕೇಂದ್ರದ 29 ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಲಾಗಿದ್ದು, 2025ರ ನವೆಂಬರ್ 21ರಿಂದ ಅವು ಜಾರಿಗೆ ಬಂದಿವೆ. ಹಿಂದೆ ಮುಷ್ಕರದ ಮುನ್ಸೂಚನೆ ಕಡ್ಡಾಯವಾಗಿದ್ದದ್ದು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ. ಈಗ ಎಲ್ಲ ಕೈಗಾರಿಕೆಗಳಲ್ಲೂ 14 ದಿನ ಮೊದಲೇ ನೋಟಿಸ್ ಕೊಡಬೇಕು. ರಾಜಿ ಮಾತುಕತೆ ನಡೆಯುವಾಗ ಕೆಲಸ ನಿಲ್ಲಿಸುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ಸರ್ಕಾರದ ಅನುಮತಿ ಇಲ್ಲದೆ ಕಾರ್ಖಾನೆ ಮುಚ್ಚಲು, ಕಾರ್ಮಿಕರನ್ನು ತೆಗೆಯಲು ಇದ್ದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಮಾತ್ರ ಏಕೈಕ ಮಾತುಕತೆಯ ಹಕ್ಕು. ಈ ಕೊನೆಯ ಅಂಶವನ್ನು ಯೂನಿಯನ್‌ಗಳು ತಮ್ಮ ಒಳಿತಿಗೂ ಬಳಸಿಕೊಳ್ಳಬಹುದು: ಬಾವುಟಗಳ ಪೈಪೋಟಿ ಬಿಟ್ಟು ಒಂದಾಗದಿದ್ದರೆ ಮೇಜಿನಲ್ಲಿ ಗಟ್ಟಿ ಜಾಗ ಸಿಗುವುದಿಲ್ಲ.

ಕಳೆದುಹೋದ ನಂಬಿಕೆಯನ್ನು ಮತ್ತೆ ಕಟ್ಟುವುದು ಹೇಗೆಂಬುದಕ್ಕೆ ದೇಶದಲ್ಲೇ ಮಾದರಿಗಳಿವೆ. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ಬೀದಿ ವ್ಯಾಪಾರದ, ತಲೆಹೊರೆ ಹೊರುವ, ಮನೆಯಲ್ಲೇ ಹೊಲಿಯುವ ಮಹಿಳೆಯರ ‘ಸೇವಾ’ ಸಂಘ ಕಟ್ಟಿದಾಗ, ಮಾಲೀಕರೇ ಇಲ್ಲದವರಿಗೆ ಯೂನಿಯನ್ ಎಂಥದ್ದೆಂದು ಕಾರ್ಮಿಕ ಇಲಾಖೆ ಮೊದಲು ನೋಂದಣಿಗೆ ಒಪ್ಪಿರಲಿಲ್ಲ. ಇಂದು ಅದರಲ್ಲಿ 20 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಸಾಲ, ವಿಮೆ, ಮಕ್ಕಳ ಪಾಲನೆಯಂಥ ದಿನನಿತ್ಯದ ಅಗತ್ಯಗಳಲ್ಲಿ ಜೊತೆಗಿದ್ದುದರಿಂದ ಅದು ಉಳಿಯಿತು. ಕರ್ನಾಟಕದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲೂ ರಾತ್ರಿ ಕುಳಿತು, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಗೌರವಧನದ ಭರವಸೆಯನ್ನು ಮುಖ್ಯಮಂತ್ರಿಗಳಿಂದ ಪಡೆದರು. ಅವರು ಊರೂರಲ್ಲಿ ಜನರ ನಡುವೆಯೇ ಇರುವವರು. ಅದಕ್ಕೇ ಅವರ ಬೇಡಿಕೆ ಜನರಿಗೆ ಅನ್ಯಾಯವೆಂದು ತೋರಲಿಲ್ಲ. 2024ರಲ್ಲಿ ಐ.ಟಿ. ನೌಕರರ ದುಡಿಮೆಯ ಅವಧಿ ಹೆಚ್ಚಿಸುವ ಪ್ರಸ್ತಾವ ಬಂದಾಗ ರಾಜ್ಯದ ಐ.ಟಿ. ನೌಕರರ ಸಂಘ ಕೆಐಟಿಯು ಅದನ್ನು ಬಲವಾಗಿ ವಿರೋಧಿಸಿತು. ಯೂನಿಯನ್ ತಮಗೆ ಬೇಕಿಲ್ಲ ಎಂದುಕೊಂಡಿದ್ದವರ ನಡುವೆಯೂ ಅದಕ್ಕೆ ಬೆಂಬಲ ಸಿಕ್ಕಿತು.

ಇವುಗಳಲ್ಲಿ ಸಾಮಾನ್ಯವಾದ ಕೆಲವು ಗುಣಗಳಿವೆ. ನಾಯಕರು ಆ ಕೆಲಸವನ್ನೇ ಮಾಡುವವರು ಅಥವಾ ಅದರ ಕಷ್ಟವನ್ನು ದಿನವೂ ಕಾಣುವವರು. ಕಾಯಂ ನೌಕರರಷ್ಟೇ ಅಲ್ಲ, ಗುತ್ತಿಗೆಯವರೂ ಮನೆಗೆಲಸದವರೂ ಡೆಲಿವರಿ ಹುಡುಗರೂ ಸಂಘದ ಸದಸ್ಯರಾಗಬಲ್ಲರು. ಸದಸ್ಯತ್ವದ ಲೆಕ್ಕ, ಚಂದಾ ಹಣದ ಲೆಕ್ಕ ಎಲ್ಲರಿಗೂ ತೆರೆದಿರುತ್ತದೆ, ಪದಾಧಿಕಾರಿಗಳ ಚುನಾವಣೆ ಕಾಲಕಾಲಕ್ಕೆ ನಡೆಯುತ್ತದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಬೇಡಿಕೆ ಬದಲಾಗುವುದಿಲ್ಲ. ಮುಷ್ಕರಕ್ಕೆ ಮೊದಲು ಪ್ರಯಾಣಿಕರಿಗೂ ರೋಗಿಗಳಿಗೂ ಅಂಗಡಿಯವರಿಗೂ ಕಾರಣ ತಿಳಿಸಿ, ಅವರ ತೊಂದರೆ ಕಡಿಮೆ ಮಾಡುವ ಏರ್ಪಾಡು ಮಾಡುವುದು ಚಳವಳಿಯ ಕೆಲಸವೇ ಆಗಬೇಕು. ದೊಡ್ಡ ಸಂಘಟನೆಗಳು ವರ್ಷದ 364 ದಿನ ಹೀಗೆ ನಡೆದುಕೊಂಡರೆ, ಉಳಿದೊಂದು ದಿನ ಅವು ಕೊಡುವ ಮುಷ್ಕರದ ಕರೆಗೆ ದುಡಿಯುವ ಜನ ಓಗೊಡುತ್ತಾರೆ.